ದೊಡ್ಡ ಆಸ್ಪತ್ರೆಯೋ, ಹತ್ತಿರದ ಆಸ್ಪತ್ರೆಯೋ: ಕ್ಯಾನ್ಸರ್ ಕೇಂದ್ರವನ್ನು ಆರಿಸಿಕೊಳ್ಳುವ ಬಗೆ

ಬಯಾಪ್ಸಿ ವರದಿ ಕೈಗೆ ಬಂದ ದಿನದಿಂದ ಮನೆಯ ಫೋನಿಗೆ ಬಿಡುವಿರುವುದಿಲ್ಲ. ದೊಡ್ಡಪ್ಪನ ಮಗ "ಸೀದಾ ಬಾಂಬೆ ಟಾಟಾಗೆ ಕರೆದುಕೊಂಡು ಹೋಗಿ" ಎನ್ನುತ್ತಾನೆ. ಪಕ್ಕದ ಮನೆಯವರಿಗೆ ವೆಲ್ಲೂರಿನಲ್ಲಿ ಗುಣವಾಗಿ ಬಂದವರೊಬ್ಬರು ಗೊತ್ತು. ಊರಿನ ಡಾಕ್ಟರು ಕಿದ್ವಾಯಿಗೆ ಚೀಟಿ ಬರೆದುಕೊಡುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಖಾಸಗಿ ಆಸ್ಪತ್ರೆಯೊಂದರಲ್ಲಿ ನಾಳೆಗೇ ಅಪಾಯಿಂಟ್‌ಮೆಂಟ್ ಹಿಡಿದಿರುತ್ತಾಳೆ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ, ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಅವರೆಲ್ಲ ಉತ್ತರಿಸುತ್ತಿರುವುದು "ಯಾವ ಆಸ್ಪತ್ರೆ ಒಳ್ಳೆಯದು?" ಎಂಬ ಒಂದೇ ಪ್ರಶ್ನೆಗೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈ ಪ್ರಶ್ನೆಯನ್ನು ಮೂರಾಗಿ ಒಡೆದುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಯಿಲೆ ಯಾವುದು, ಯಾವ ಹಂತದಲ್ಲಿದೆ, ಯಾವ ಚಿಕಿತ್ಸೆ ಬೇಕು ಎಂಬ ತೀರ್ಮಾನ ಎಲ್ಲಿ ಆಗಬೇಕು? ಆ ಚಿಕಿತ್ಸೆಯನ್ನು ಎಲ್ಲಿ ಪಡೆಯಬೇಕು? ಚಿಕಿತ್ಸೆ ನಡೆಯುವ ಅಷ್ಟೂ ವಾರ, ತಿಂಗಳುಗಳ ಕಾಲ ರೋಗಿಯೂ ಜೊತೆಗಿರುವವರೂ ಎಲ್ಲಿ, ಹೇಗೆ ದಿನ ಕಳೆಯಬೇಕು? ಮೂರಕ್ಕೂ ಒಂದೇ ಆಸ್ಪತ್ರೆ ಉತ್ತರವಾದರೆ ಒಳ್ಳೆಯದೇ. ಆಗದಿದ್ದರೆ ಮೂರನ್ನೂ ಬೇರೆ ಬೇರೆ ಕಡೆ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ, ಮತ್ತು ಕರ್ನಾಟಕದ ಬಹುಪಾಲು ಕುಟುಂಬಗಳಿಗೆ ಅದೇ ಹೆಚ್ಚು ಅನುಕೂಲದ ದಾರಿ.

ಸಂಶೋಧನೆ, ರೋಗಿಯ ಆರೈಕೆ, ಮನಸ್ಸು ಚೇತರಿಸಿಕೊಳ್ಳುವಂಥ ಪರಿಸರ ಈ ಮೂರೂ ಒಂದೆಡೆ ಸೇರಿದ್ದನ್ನು ಇಂದು ಆಧುನಿಕ ಕ್ಯಾನ್ಸರ್ ಕೇಂದ್ರ ಎನ್ನುತ್ತಾರೆ. ನಮ್ಮ ಎಟುಕಿನಲ್ಲಿರುವ ಕೇಂದ್ರಗಳಲ್ಲಿ ಒಂದೊಂದು ಒಂದೊಂದರಲ್ಲಿ ಮುಂದಿದೆ. ಯಾವುದರಲ್ಲಿ ಮುಂದಿದೆ, ಅದು ನಮ್ಮ ರೋಗಿಗೆ ಈಗ ಬೇಕಾದುದೇ ಎಂದು ನೋಡುವುದೇ ಹೋಲಿಕೆಯ ಕೆಲಸ.

ಎಟುಕಿನಲ್ಲಿರುವ ಕೇಂದ್ರಗಳು

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಿಂದ ಆರಂಭಿಸುವುದು ನ್ಯಾಯ. 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಪಡೆದ ಈ ರಾಜ್ಯ ಸರ್ಕಾರಿ ಸಂಸ್ಥೆ, ರಾಜ್ಯದ ಬಡ ರೋಗಿಗಳ ಮೊದಲ ಮತ್ತು ಎಷ್ಟೋ ಸಲ ಕೊನೆಯ ಆಸರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಾಗ ಜನಸಂಖ್ಯೆಯ ಆಧಾರದ ಮೊದಲ ಮೂರು ನೋಂದಣಿಗಳು ಮುಂಬಯಿ, ಚೆನ್ನೈ ಮತ್ತು ಬೆಂಗಳೂರಿನವು. ಬೆಂಗಳೂರಿನದನ್ನು ನಡೆಸಿಕೊಂಡು ಬಂದದ್ದು ಕಿದ್ವಾಯಿ. ಅಂದರೆ ನಮ್ಮ ಊರಿನ ಜನರಿಗೆ ಯಾವ ಕ್ಯಾನ್ಸರ್ ಎಷ್ಟು ಬರುತ್ತದೆ ಎಂಬುದನ್ನು ನಾಲ್ಕು ದಶಕಗಳಿಂದ ಎಣಿಸುತ್ತಿರುವ ಸಂಸ್ಥೆ ಅದು. ಬಾಯಿ, ಗಂಟಲು, ಅನ್ನನಾಳ, ಗರ್ಭಕಂಠ, ಸ್ತನ ಹೀಗೆ ನಮ್ಮಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳಲ್ಲಿ ಅಲ್ಲಿನ ವೈದ್ಯರಿಗಿರುವ ಅನುಭವ, ನೋಡಿದ ರೋಗಿಗಳ ಸಂಖ್ಯೆಯಿಂದಲೇ ಬಂದದ್ದು. ಕನ್ನಡದಲ್ಲಿ ಮಾತಾಡಿ ಕನ್ನಡದಲ್ಲೇ ಉತ್ತರ ಪಡೆಯಬಹುದು ಎಂಬುದನ್ನು ನಾನು ಸಣ್ಣ ಅನುಕೂಲವೆಂದು ಎಣಿಸುವುದಿಲ್ಲ: ಕೀಮೋ ಆದ ಎಷ್ಟನೇ ದಿನ ಜ್ವರ ಬಂದರೆ ತಕ್ಷಣ ಓಡಿ ಬರಬೇಕು ಎಂಬ ಸೂಚನೆ ಅರ್ಥವಾಗದೆ ಹೋದರೆ ಜೀವಕ್ಕೇ ಸಂಚಕಾರ. ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮಗ್ಗುಲಲ್ಲೇ ಇವೆ. ಕಲಬುರಗಿಯಲ್ಲಿ ಕಿದ್ವಾಯಿಯದೇ ಶಾಖೆಯಿದೆ. ಇಲ್ಲಿನ ಕಷ್ಟವೆಂದರೆ ಜನಸಂದಣಿ. ಒಪಿಡಿಯಲ್ಲಿ ಇಡೀ ದಿನ ಕಾಯುವುದಕ್ಕೂ ಸರದಿಗಾಗಿ ದಿನ ಎಣಿಸುವುದಕ್ಕೂ ಮನಸ್ಸನ್ನು ಸಿದ್ಧಪಡಿಸಿಕೊಂಡೇ ಹೋಗಬೇಕು.

ಮುಂಬಯಿಯ ಪರೇಲ್‌ನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಯ ಹುಟ್ಟಿನ ಹಿಂದೆ ಒಂದು ಮನೆಯ ದುಃಖವಿದೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ವಿದೇಶದಲ್ಲಿ ತೀರಿಕೊಂಡರು. ಅಂಥ ಚಿಕಿತ್ಸೆ ಭಾರತದಲ್ಲೂ ಸಿಗುವಂತಾಗಬೇಕೆಂಬ ಆಸೆಯಿಂದ ಮೊಳೆತ ಆಸ್ಪತ್ರೆ 1941ರ ಫೆಬ್ರವರಿ 28ರಂದು ಬಾಗಿಲು ತೆರೆಯಿತು. 1962ರಲ್ಲಿ ಅದು ಕೇಂದ್ರದ ಅಣುಶಕ್ತಿ ಇಲಾಖೆಯ ಕೈಗೆ ಬಂತು. ನವಿ ಮುಂಬಯಿಯ ಖಾರ್ಘರ್‌ನಲ್ಲಿ ಅದರ ಸಂಶೋಧನಾ ಕೇಂದ್ರವಾದ ಆಕ್ಟ್ರೆಕ್ ಇದೆ. ಚಿಕಿತ್ಸೆ, ಬೋಧನೆ, ಸಂಶೋಧನೆ ಮೂರನ್ನೂ ಒಂದೇ ಸಂಸ್ಥೆ ದೊಡ್ಡ ಪ್ರಮಾಣದಲ್ಲಿ ನಡೆಸುವುದಕ್ಕೆ ಭಾರತದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ. ಬೆಳಗಾವಿಯವರಿಗೆ ಬೆಂಗಳೂರು, ಮುಂಬಯಿ ಎರಡೂ ಹೆಚ್ಚುಕಡಿಮೆ 500 ಕಿಲೋಮೀಟರ್ ದೂರವೇ ಆದ್ದರಿಂದ ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳಿಗೆ ಟಾಟಾ ಸಹಜ ಆಯ್ಕೆ. ಆದರೆ ಇಡೀ ದೇಶದ ರೋಗಿಗಳು ಅಲ್ಲಿಗೇ ಬರುತ್ತಾರೆ, ಆಸ್ಪತ್ರೆಯ ಸುತ್ತಲಿನ ಫುಟ್‌ಪಾತ್‌ಗಳಲ್ಲಿ ಮಲಗುವ ರೋಗಿಗಳನ್ನು ನೋಡಿದವರಿಗೆ ಆ ಹೆಸರಿನ ಇನ್ನೊಂದು ಮುಖವೂ ಗೊತ್ತಿರುತ್ತದೆ.

ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯನ್ನು 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಕಟ್ಟಿದರು, ಡಾ. ವಿ. ಶಾಂತಾ ಅವರು 2021ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕೇ ಬದುಕು ಮೀಸಲಿಟ್ಟರು. ಲಾಭದ ಉದ್ದೇಶವಿಲ್ಲದ ಸಂಸ್ಥೆಯೂ ಉನ್ನತ ಮಟ್ಟದ ಚಿಕಿತ್ಸೆ ಕೊಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಕ್ಯಾನ್ಸರ್‌ಗೆ ಮಾತ್ರ ಮೀಸಲಾದ ಆಸ್ಪತ್ರೆಯಲ್ಲ, ಎಲ್ಲ ವಿಭಾಗಗಳೂ ಇರುವ ಬೋಧನಾ ಆಸ್ಪತ್ರೆ. ಕ್ಯಾನ್ಸರ್ ಜೊತೆಗೆ ಹೃದಯದ ತೊಂದರೆಯೋ ಮೂತ್ರಪಿಂಡದ ತೊಂದರೆಯೋ ಇರುವ ವಯಸ್ಸಾದ ರೋಗಿಗೆ ಅದೇ ದೊಡ್ಡ ಅನುಕೂಲ. ಅಸ್ಥಿಮಜ್ಜೆ ಕಸಿಯಲ್ಲಿ ಅದಕ್ಕೆ 1980ರ ದಶಕದಿಂದಲೂ ಅನುಭವವಿದೆ. ಕೋಲಾರ ಜಿಲ್ಲೆಯವರಿಗೆ ವೆಲ್ಲೂರು ದೂರವೂ ಅಲ್ಲ.

ಖಾಸಗಿಯವುಗಳಲ್ಲಿ 1989ರಲ್ಲಿ ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಆಂಕಾಲಜಿಯಾಗಿ ಆರಂಭವಾದ ಎಚ್‌ಸಿಜಿ, 2009ರಲ್ಲಿ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಿ ಆರಂಭವಾದ ಮಜುಂದಾರ್ ಶಾ ಕೇಂದ್ರ ಎಲ್ಲರೂ ಕೇಳಿದ ಹೆಸರುಗಳು. ಎರಡನೆಯದರ ಆವರಣದಲ್ಲಿ ಪ್ರಯೋಗಾಲಯದ ಸಂಶೋಧನೆಯೂ ನಡೆಯುತ್ತದೆ. ಬಸವನಗುಡಿ ಕಡೆಯ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆ ಟ್ರಸ್ಟಿನದು. ಸರ್ಕಾರಿ ಮತ್ತು ದುಬಾರಿ ಖಾಸಗಿ ಇವೆರಡರ ನಡುವಿನ ದಾರಿ ಹುಡುಕುವವರು ಅದನ್ನು ವಿಚಾರಿಸಬೇಕು. ಹುಬ್ಬಳ್ಳಿಯ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ಮಂಗಳೂರು ಮತ್ತು ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ಮೈಸೂರಿನ ಕೇಂದ್ರಗಳು ಇವನ್ನು "ಸಣ್ಣವು" ಎಂದು ತಳ್ಳಿಹಾಕುವ ಮುನ್ನ ಮುಂದಿನ ಮಾತುಗಳನ್ನು ಓದಬೇಕೆಂದು ನನ್ನ ವಿನಂತಿ.

ಸಂಶೋಧನೆಯಿಂದ ರೋಗಿಗೆ ಏನು ಸಿಗುತ್ತದೆ?

ಆಸ್ಪತ್ರೆಯ ಹೆಸರಿನ ಕೊನೆಗೆ "ಸಂಶೋಧನಾ ಕೇಂದ್ರ" ಎಂದು ಸೇರಿಸಿಕೊಂಡ ಮಾತ್ರಕ್ಕೆ ಅಲ್ಲಿ ಸಂಶೋಧನೆ ನಡೆಯುತ್ತದೆಂದು ಅರ್ಥವಲ್ಲ. ನಿಜವಾದ ಸಂಶೋಧನೆ ರೋಗಿಯ ಹಾಸಿಗೆಯವರೆಗೂ ಬರುತ್ತದೆ. ಟಾಟಾ ಆಸ್ಪತ್ರೆಯ ಒಂದು ಅಧ್ಯಯನವನ್ನೇ ನೋಡಿ. ಬಾಯಿ ಕ್ಯಾನ್ಸರ್ ಇನ್ನೂ ಆರಂಭದ ಹಂತದಲ್ಲಿದ್ದು, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗದೆ ಇರುವಾಗ, ಬಾಯಿಯ ಶಸ್ತ್ರಚಿಕಿತ್ಸೆಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದುಬಿಡಬೇಕೋ ಅಥವಾ ಮುಂದೆ ಗಂಟು ಕಾಣಿಸಿಕೊಂಡರೆ ತೆಗೆದರೆ ಸಾಕೋ ಎಂಬ ವಾದ ವೈದ್ಯರಲ್ಲಿ ದಶಕಗಳಿಂದ ಇತ್ತು. 500 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಆ ಅಧ್ಯಯನ 2015ರಲ್ಲಿ ಪ್ರಕಟವಾಯಿತು: ಮೊದಲೇ ತೆಗೆದವರಲ್ಲಿ ಮೂರು ವರ್ಷದ ಬಳಿಕ ಶೇ. 80ರಷ್ಟು, ಕಾದು ನೋಡಿದವರಲ್ಲಿ ಶೇ. 67.5ರಷ್ಟು ಮಂದಿ ಬದುಕಿದ್ದರು. ಗುಟ್ಕಾ, ತಂಬಾಕು ಅಗಿಯುವ ನಮ್ಮ ಊರುಗಳ ಕಾಯಿಲೆಯ ಪ್ರಶ್ನೆಗೆ ನಮ್ಮ ರೋಗಿಗಳಿಂದಲೇ ಬಂದ ಉತ್ತರವಿದು. ಇನ್ನೊಂದು, ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ದುಬಾರಿ ಚಿಕಿತ್ಸೆಯ ವಿಷಯ. ತಲೆ, ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರ್‌ನಲ್ಲಿ ಸಾಮಾನ್ಯ ಪ್ರಮಾಣದ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ ನಿವೊಲುಮಾಬ್ ಎಂಬ ಅಂಥ ಔಷಧಿಯನ್ನು ಮಾತ್ರೆಗಳ ಜೊತೆ ಕೊಟ್ಟು ನೋಡಿದಾಗ, ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿದ್ದನ್ನು ಅದೇ ಆಸ್ಪತ್ರೆಯ ತಂಡ 2022ರಲ್ಲಿ ವರದಿ ಮಾಡಿತು. ಪೂರ್ತಿ ಪ್ರಮಾಣದ ಆ ಔಷಧಿಯನ್ನು ಕೊಳ್ಳಲಾರದ ಮನೆಗಳಿಗೆ ಇದು ಬಾಗಿಲು ತೆರೆಯುವ ಸುದ್ದಿ. ಐಐಟಿ ಬಾಂಬೆ ಮತ್ತು ಟಾಟಾ ಕೇಂದ್ರ ಸೇರಿ ರೂಪಿಸಿದ, ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗಳಿಗೆ ಬಳಸುವ ಕಾರ್-ಟಿ ಕೋಶ ಚಿಕಿತ್ಸೆಗೆ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಮತ್ತೆ ಕೊಡುವುದು) 2023ರಲ್ಲಿ ಅನುಮತಿ ಸಿಕ್ಕಿತು. ಅದೂ ಇದೇ ಸಾಲಿನದು.

ಈ ಜ್ಞಾನ ಮುಂಬಯಿಯಲ್ಲೇ ಕುಳಿತಿಲ್ಲ ಎಂಬುದು ಹೋಲಿಕೆ ಮಾಡುವವರು ಗಮನಿಸಬೇಕಾದ ಸಂಗತಿ. ಒಮ್ಮೆ ಪ್ರಕಟವಾದ ಮೇಲೆ ಅದು ಹುಬ್ಬಳ್ಳಿಯ ಸರ್ಜನ್ನರಿಗೂ ಸೇರಿದ್ದು. 2012ರಲ್ಲಿ ಆರಂಭವಾದ, ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನಲ್ಲಿ ಈಗ 300ಕ್ಕೂ ಹೆಚ್ಚು ಕೇಂದ್ರಗಳಿವೆ; ಯಾವ ಕ್ಯಾನ್ಸರ್‌ಗೆ ಯಾವ ಹಂತದಲ್ಲಿ ಏನು ಚಿಕಿತ್ಸೆ ಎಂಬ ಮಾರ್ಗಸೂಚಿ ಅವುಗಳಿಗೆಲ್ಲ ಸಮಾನ. ಆದ್ದರಿಂದ ನೀವು ನೋಡುತ್ತಿರುವ ಆಸ್ಪತ್ರೆ ಗ್ರಿಡ್‌ನ ಸದಸ್ಯನೇ ಎಂದು ಕೇಳಿ. ಅದಕ್ಕಿಂತ ಮುಖ್ಯವಾಗಿ, "ನಮ್ಮ ರೋಗಿಯ ವಿಷಯವನ್ನು ಟ್ಯೂಮರ್ ಬೋರ್ಡಿನಲ್ಲಿ ಚರ್ಚಿಸುತ್ತೀರಾ?" ಎಂದು ಕೇಳಿ. ಸರ್ಜನ್, ಕೀಮೋ ಕೊಡುವ ವೈದ್ಯರು, ರೇಡಿಯೇಷನ್ ವೈದ್ಯರು, ರೋಗಶಾಸ್ತ್ರಜ್ಞರು, ಸ್ಕ್ಯಾನ್ ಓದುವವರು ಒಟ್ಟಿಗೆ ಕುಳಿತು ಒಂದು ಫೈಲನ್ನು ನೋಡುವ ಸಭೆ ಅದು. ಸರ್ಜನ್ನರನ್ನು ಮೊದಲು ಕಂಡರೆ ಆಪರೇಷನ್, ಕೀಮೋ ವೈದ್ಯರನ್ನು ಮೊದಲು ಕಂಡರೆ ಕೀಮೋ ಎಂಬಂತಾಗದಿರಲು ಇರುವ ಒಂದೇ ಭದ್ರತೆ ಅದು. ಟ್ಯೂಮರ್ ಬೋರ್ಡ್ ಇಲ್ಲದ ಥಳಕಿನ ಆಸ್ಪತ್ರೆಗಿಂತ ಅದಿರುವ ಸಾಧಾರಣ ಆಸ್ಪತ್ರೆಯನ್ನು ನಾನು ಎರಡು ಮಾತಿಲ್ಲದೆ ಆರಿಸುತ್ತೇನೆ.

ಸಂಶೋಧನೆ ನಡೆಯುವ ಕಡೆ, ಪ್ರಯೋಗವೊಂದಕ್ಕೆ ಸೇರುತ್ತೀರಾ ಎಂದು ಕೇಳುವುದುಂಟು. ಹೆದರಬೇಕಿಲ್ಲ, ಕಣ್ಣು ಮುಚ್ಚಿ ಸಹಿ ಹಾಕಲೂಬಾರದು. ಭಾರತದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳು ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿಯಲ್ಲಿ ದಾಖಲಾಗಿರಬೇಕು, ಒಪ್ಪಿಗೆ ಪತ್ರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ನೋಂದಣಿ ಸಂಖ್ಯೆ ಕೇಳಿ, ಕನ್ನಡದ ಪತ್ರ ಕೇಳಿ, ಮನೆಗೆ ಕೊಂಡೊಯ್ದು ಓದಲು ಒಂದು ದಿನದ ಕಾಲಾವಕಾಶ ಕೇಳಿ. ಬೇಡವೆಂದರೂ ಸಾಮಾನ್ಯ ಚಿಕಿತ್ಸೆ ನಿಲ್ಲುವಂತಿಲ್ಲ.

ದಿನಗಳ ಲೆಕ್ಕ

ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲಿ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಹಳ್ಳಿಯ ಕಡೆ "ಕರೆಂಟು ಕೊಡುವುದು" ಎನ್ನುವ ರೇಡಿಯೇಷನ್ ಒಂದು ದಿನದ ಕೆಲಸವಲ್ಲ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ವಾರಕ್ಕೆ ಐದು ದಿನದಂತೆ ಸುಮಾರು ಆರರಿಂದ ಏಳು ವಾರ, ಅಂದರೆ 30ರಿಂದ 35 ಸಲ. ಗರ್ಭಕಂಠದ ಕ್ಯಾನ್ಸರ್‌ಗೆ ಹೊರಗಿನಿಂದ ಸುಮಾರು 25 ಸಲ, ವಾರಕ್ಕೊಮ್ಮೆ ಕೀಮೋ, ಅದಾದ ಮೇಲೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ. ಯಂತ್ರದ ಕೆಳಗೆ ಮಲಗುವುದು ದಿನಕ್ಕೆ ಕೆಲವೇ ನಿಮಿಷ. ಉಳಿದ ಇಪ್ಪತ್ತಮೂರು ಚಿಲ್ಲರೆ ಗಂಟೆಗಳನ್ನು ಎಲ್ಲಿ ಕಳೆಯುತ್ತೀರಿ ಎಂಬುದೇ ಪ್ರಶ್ನೆ. ನಾಲ್ಕನೇ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದಂತಾಗುತ್ತದೆ. ಆ ಹೊತ್ತಿಗೆ ರಾಗಿ ಅಂಬಲಿಯನ್ನು ತೆಳ್ಳಗೆ ಕಾಯಿಸಿಕೊಡುವ ಕೈ, ಒಂದು ಒಲೆ, ಒಂದು ಸ್ವಚ್ಛವಾದ ಬಚ್ಚಲು ಹತ್ತಿರವಿದೆಯೇ? ಲಾಡ್ಜಿನ ಕೋಣೆಯಲ್ಲಿ ಏಳು ವಾರ ಉಳಿಯಲು ಆಗುವ ಖರ್ಚು ಎಷ್ಟೋ ಸಲ ಚಿಕಿತ್ಸೆಯ ಖರ್ಚನ್ನೇ ಮೀರಿಸುತ್ತದೆ. ಬಿತ್ತನೆ ಬಂತು, ಮಕ್ಕಳ ಪರೀಕ್ಷೆ ಬಂತು, ಕೈಯಲ್ಲಿ ದುಡ್ಡಿಲ್ಲ ಎಂದು ನಡುವೆಯೇ ಊರಿಗೆ ಮರಳುವವರು ಕಡಿಮೆಯಿಲ್ಲ. ರೇಡಿಯೇಷನ್ ನಡುವೆ ನಿಂತರೆ ಗೆಡ್ಡೆಯ ಕೋಶಗಳಿಗೆ ಮತ್ತೆ ಬೆಳೆಯಲು ಬಿಡುವು ಸಿಗುತ್ತದೆ, ಅಲ್ಲಿಯವರೆಗೆ ಪಟ್ಟ ನೋವಿನ ಫಲ ಕೈತಪ್ಪುತ್ತದೆ. ಹಾಗಾಗಿ ಅತ್ಯುತ್ತಮ ಯಂತ್ರದಲ್ಲಿ ಅರ್ಧಕ್ಕೆ ಬಿಟ್ಟ ಚಿಕಿತ್ಸೆಗಿಂತ, ಊರಿಗೆ ಹತ್ತಿರದ ಒಳ್ಳೆಯ ಯಂತ್ರದಲ್ಲಿ ಪೂರ್ತಿ ಮಾಡಿದ ಚಿಕಿತ್ಸೆ ಎಷ್ಟೋ ಮೇಲು.

ಎಲ್ಲ ಕ್ಯಾನ್ಸರ್‌ಗೂ ಲೆಕ್ಕ ಒಂದೇ ಅಲ್ಲ. ಸ್ತನ ಕ್ಯಾನ್ಸರ್‌ಗೆ ಹಿಂದೆ ಐದು ವಾರ ಕೊಡುತ್ತಿದ್ದ ರೇಡಿಯೇಷನ್ ಅನ್ನು ಈಗ ಮೂರು ವಾರದಲ್ಲಿ 15 ಸಲ ಕೊಡುವುದು ರೂಢಿಯಾಗಿದೆ, ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ ಐದು ಸಲ ಕೊಟ್ಟರೂ ಸಾಕೆಂದು 2020ರ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. "ನಮಗೆ ಕಡಿಮೆ ದಿನದ ಕ್ರಮ ಹೊಂದುತ್ತದೆಯೇ?" ಎಂಬ ಒಂದು ಪ್ರಶ್ನೆ ಒಂದು ತಿಂಗಳ ಮನೆಬಾಡಿಗೆಯನ್ನು ಉಳಿಸಬಲ್ಲದು. ಕೀಮೋ ಸಾಮಾನ್ಯವಾಗಿ ಎರಡು ಅಥವಾ ಮೂರು ವಾರಕ್ಕೊಮ್ಮೆ. ಕೊಡುವ ಕ್ರಮವನ್ನು ದೊಡ್ಡ ಕೇಂದ್ರದಲ್ಲಿ ಬರೆಸಿಕೊಂಡು ಜಿಲ್ಲೆಯಲ್ಲೇ ತೆಗೆದುಕೊಳ್ಳಬಹುದಾದ ಔಷಧಿಗಳು ಬಹಳ. 2025ರಲ್ಲಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ಆರಂಭಿಸಿದ್ದು ಈ ದಾರಿಯನ್ನು ಇನ್ನಷ್ಟು ಸುಲಭ ಮಾಡಿದೆ. ಶಸ್ತ್ರಚಿಕಿತ್ಸೆಯ ಮಾತು ಬೇರೆ. ಅನ್ನನಾಳ, ಮೇದೋಜ್ಜೀರಕ, ಯಕೃತ್ತು, ಮೂಳೆಯ ಗೆಡ್ಡೆ ಇಂಥ ಕಷ್ಟದ ಆಪರೇಷನ್‌ಗಳನ್ನು ಅವನ್ನೇ ಮೇಲಿಂದ ಮೇಲೆ ಮಾಡುವ ಕಡೆ ಮಾಡಿಸುವುದೇ ಕ್ಷೇಮ. ಅಲ್ಲಿ ದೂರವನ್ನು ಲೆಕ್ಕಿಸಬಾರದು, ಏಕೆಂದರೆ ಹೋಗಬೇಕಾದದ್ದು ಒಂದೇ ಸಲ.

ಆದರೆ ಹೆಸರಾಂತ ಸರ್ಜನ್ನರಿಗಾಗಿ ತಿಂಗಳುಗಟ್ಟಲೆ ಕಾಯುವುದಕ್ಕೂ ಬೆಲೆಯಿದೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ. 6ರಿಂದ 8ರಷ್ಟು ಹೆಚ್ಚುತ್ತದೆಂದು ಲೆಕ್ಕಹಾಕಿತು. ಮೊದಲ ಭೇಟಿಯಲ್ಲೇ "ಸರದಿ ಯಾವಾಗ ಬರುತ್ತದೆ?" ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಎರಡು ಆಸ್ಪತ್ರೆಗಳ ನಡುವೆ ತೂಗುವಾಗ ಈ ದಿನಾಂಕವೂ ತಕ್ಕಡಿಯಲ್ಲಿರಬೇಕು.

ರೇಡಿಯೇಷನ್ನಿನ ದುಬಾರಿ ಬಗೆಯಾದ ಪ್ರೋಟಾನ್ ಚಿಕಿತ್ಸೆಯ ಬಗ್ಗೆ ಒಂದು ಮಾತು, ಏಕೆಂದರೆ ಜಾಹೀರಾತು ನೋಡಿದವರು ಕೇಳುತ್ತಾರೆ. 2019ರಿಂದ ಚೆನ್ನೈನ ಅಪೊಲೊ ಕೇಂದ್ರದಲ್ಲಿ, 2023ರಿಂದ ಖಾರ್ಘರ್‌ನ ಆಕ್ಟ್ರೆಕ್‌ನಲ್ಲಿ ಅದು ಇದೆ. ಮಕ್ಕಳ ಕೆಲವು ಗೆಡ್ಡೆಗಳಿಗೆ, ತಲೆಬುರುಡೆಯ ತಳದ ಗೆಡ್ಡೆಗಳಿಗೆ ಅದರಿಂದ ನಿಜವಾದ ಉಪಯೋಗವುಂಟು. ಉಳಿದ ಬಹುಪಾಲು ರೋಗಿಗಳಿಗೆ ಸಾಮಾನ್ಯ ರೇಡಿಯೇಷನ್ ಯಂತ್ರವಾದ ಲೀನಿಯರ್ ಆಕ್ಸಿಲರೇಟರ್ ಸಾಕು, ಪ್ರೋಟಾನ್‌ಗಾಗಿ ಹೊಲ ಮಾರಬೇಕಿಲ್ಲ.

ಚೇತರಿಕೆಯ ಜಾಗ

ಕಿಟಕಿ, ಮರ, ಕುಳಿತುಕೊಳ್ಳಲು ಒಂದು ಬೆಂಚು ಇವನ್ನು ಚಿಕಿತ್ಸೆಯ ಭಾಗವೆಂದು ಹೇಳಿದರೆ, ಜೀವ ಉಳಿದರೆ ಸಾಕು ಎನ್ನುವ ಸ್ಥಿತಿಯಲ್ಲಿರುವವರಿಗೆ ಅದು ಶ್ರೀಮಂತರ ಮಾತಿನಂತೆ ಕೇಳಬಹುದು. ಆದರೆ ಇದಕ್ಕೂ ಆಧಾರವಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕರು ಹೋಲಿಸಿದರು. ಕಿಟಕಿಯಿಂದ ಮರ ಕಾಣುತ್ತಿದ್ದ 23 ಮಂದಿ ಸರಾಸರಿ 7.96 ದಿನಕ್ಕೆ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿ 8.70 ದಿನಕ್ಕೆ ಮನೆಗೆ ಹೋದರು. ಮೊದಲಿನವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಬೇಕಾಯಿತು. 1984ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಕ್ಯಾನ್ಸರ್ ರೋಗಿಗಳದೂ ಅಲ್ಲ, ಆದರೂ ಆಸ್ಪತ್ರೆ ಕಟ್ಟುವವರ ಯೋಚನೆಯನ್ನು ಬದಲಿಸಿತು. ಬ್ರಿಟನ್ನಿನಲ್ಲಿ ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಎಂಬ ಮಹಿಳೆ, ತಮ್ಮ ಕ್ಯಾನ್ಸರ್ ಮರಳಿದೆ ಎಂಬ ಸುದ್ದಿಯನ್ನು ಕೇಳಿ ಕಿಟಕಿಯಿಲ್ಲದ ಓಣಿಯಲ್ಲಿ ಕುಳಿತ ಅನುಭವದಿಂದ ಬೇರೊಂದು ಬಗೆಯ ಜಾಗವನ್ನು ಕನಸಿದರು. 1995ರಲ್ಲಿ ಅವರು ತೀರಿಕೊಂಡ ಮರುವರ್ಷ ಎಡಿನ್‌ಬರೊದ ಆಸ್ಪತ್ರೆಯೊಂದರ ಆವರಣದಲ್ಲಿ ಮೊದಲ ಮ್ಯಾಗಿ ಕೇಂದ್ರ ತೆರೆಯಿತು. ಅಲ್ಲಿ ಔಷಧಿ ಕೊಡುವುದಿಲ್ಲ. ಅಡುಗೆಮನೆ, ದೊಡ್ಡದೊಂದು ಮೇಜು, ಚಹಾ, ಮಾತಾಡಲು ಜನ. ನಮ್ಮ ಹಳೆಯ ಮನೆಗಳ ಜಗಲಿಯನ್ನು ಬಲ್ಲವರಿಗೆ ಈ ಕಲ್ಪನೆ ಹೊಸತೆನಿಸದು.

ನಮ್ಮಲ್ಲಿ ಇಂಥ ಜಾಗದ ಅತ್ಯುತ್ತಮ ಉದಾಹರಣೆ, ಬೆಂಗಳೂರಿನ ಕರುಣಾಶ್ರಯ. 1994ರಲ್ಲಿ ಸ್ಥಾಪನೆಯಾದ ಟ್ರಸ್ಟು ನಡೆಸುವ ಈ ಆಶ್ರಯದಲ್ಲಿ, ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆರೈಕೆ ಮಾಡುತ್ತಾರೆ. ನೀರಿನ ಕೊಳದ ಸುತ್ತ ಹಬ್ಬಿದ ತಗ್ಗಾದ ಕಟ್ಟಡ, ಗಿಡಮರ, ಗಾಳಿ, ಬೆಳಕು; ಮಲಗಿದಲ್ಲಿಂದಲೇ ಹೊರಗಿನ ಜಗತ್ತು ಕಾಣುತ್ತದೆ. ದೊಡ್ಡ ಆಸ್ಪತ್ರೆಗಳು ಕಲಿಯಬೇಕಾದ ಪಾಠ ಅಲ್ಲಿದೆ. ರೇಡಿಯೇಷನ್ ಯಂತ್ರಗಳನ್ನು ದಪ್ಪ ಕಾಂಕ್ರೀಟ್ ಗೋಡೆಗಳ ನಡುವೆ, ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ, ಇಡಬೇಕಾಗುತ್ತದೆ, ನಿಜ; ಆದರೆ ಕಾಯುವವರನ್ನೂ ಅಲ್ಲೇ ಕೂರಿಸಬೇಕೆಂಬ ನಿಯಮವೇನಿಲ್ಲ.

ಆಸ್ಪತ್ರೆ ನೋಡಲು ಹೋದಾಗ ಲಾಬಿಯ ಅಮೃತಶಿಲೆಯನ್ನು ನೋಡಬೇಡಿ. ಕೀಮೋ ಕೊಡುವ ಕೋಣೆಯಲ್ಲಿ ಜೊತೆಗಿರುವವರಿಗೆ ಕುರ್ಚಿ ಇದೆಯೇ, ಕೆಟ್ಟ ಸುದ್ದಿಯನ್ನು ಓಣಿಯಲ್ಲಿ ನಿಲ್ಲಿಸಿ ಹೇಳುತ್ತಾರೋ ಕೋಣೆಯಲ್ಲಿ ಕೂರಿಸಿ ಹೇಳುತ್ತಾರೋ, ಹೆಂಗಸರಿಗೆ ಶೌಚಾಲಯ ಎಷ್ಟು ದೂರ, ಕುಡಿಯುವ ಬಿಸಿನೀರು ಸಿಗುತ್ತದೆಯೇ, ಆಪ್ತಸಮಾಲೋಚಕರು ಇದ್ದಾರೆಯೇ ಎಂದು ನೋಡಿ. ಉಳಿದುಕೊಳ್ಳುವ ಜಾಗವೂ ಚೇತರಿಕೆಯ ಜಾಗವೇ. ಕಿದ್ವಾಯಿಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆಯಿದೆ. ಮುಂಬಯಿಯಲ್ಲಿ ದಾದರ್‌ನ ಗಾಡ್ಗೆ ಮಹಾರಾಜ ಧರ್ಮಶಾಲೆ, ಪರೇಲ್‌ನ ನಾನಾ ಪಾಲ್ಕರ್ ಸ್ಮೃತಿ ಸಮಿತಿ ದಶಕಗಳಿಂದ ಕ್ಯಾನ್ಸರ್ ರೋಗಿಗಳಿಗೆ ನೆರಳಾಗಿವೆ. ಮಕ್ಕಳ ಕುಟುಂಬಗಳಿಗೆ 2006ರಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಸಂಸ್ಥೆ ವಸತಿ ಕೊಡುತ್ತದೆ. ಇವುಗಳಿಗೆ ಆಸ್ಪತ್ರೆಯ ಸಮಾಜಸೇವಾ ವಿಭಾಗದ ಪತ್ರ ಬೇಕಾಗುವುದುಂಟು, ಆದ್ದರಿಂದ ಫೈಲು ತೆರೆಸಿದ ದಿನವೇ ಆ ವಿಭಾಗದ ಬಾಗಿಲು ಹುಡುಕಿ.

ನೋವು ಕಡಿಮೆ ಮಾಡುವ ಉಪಶಾಮಕ ಆರೈಕೆ ಎಂದರೆ ವೈದ್ಯರು ಕೈಬಿಟ್ಟವರಿಗೆ ಕೊಡುವ ಚಿಕಿತ್ಸೆ ಎಂದು ನಮ್ಮ ಜನ ತಿಳಿದಿರುವುದು ನನಗೆ ತುಂಬ ನೋವಿನ ಸಂಗತಿ. ಬಾಸ್ಟನ್‌ನ ಆಸ್ಪತ್ರೆಯೊಂದು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳ ಪೈಕಿ, ಆರಂಭದಿಂದಲೇ ಉಪಶಾಮಕ ಆರೈಕೆಯನ್ನೂ ಪಡೆದವರ ಬದುಕಿನ ಗುಣಮಟ್ಟ ಉತ್ತಮವಾಗಿತ್ತು, ಅಷ್ಟೇ ಅಲ್ಲ, ಅವರು ಬದುಕಿದ ಮಧ್ಯಕ ಅವಧಿ (ಅರ್ಧದಷ್ಟು ಮಂದಿ ಬದುಕಿದ್ದ ಕಾಲ) ಉಳಿದವರ 8.9 ತಿಂಗಳ ಬದಲು 11.6 ತಿಂಗಳಾಯಿತು. "ನಿಮ್ಮಲ್ಲಿ ನೋವಿನ ಕ್ಲಿನಿಕ್ ಇದೆಯೇ, ಮಾರ್ಫಿನ್ ಮಾತ್ರೆ ಸಿಗುತ್ತದೆಯೇ?" ಎಂದು ಮೊದಲ ವಾರದಲ್ಲೇ ಕೇಳಿ. ಇಲ್ಲ ಎನ್ನುವ ಆಸ್ಪತ್ರೆ ಎಷ್ಟೇ ಹೊಳೆಯುತ್ತಿರಲಿ, ಅದನ್ನು ನಾನು ಪೂರ್ಣ ಕ್ಯಾನ್ಸರ್ ಕೇಂದ್ರವೆಂದು ಕರೆಯಲಾರೆ.

ಹಣ, ಮತ್ತು ಯಾರಿಗೆ ಯಾವುದು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯೊಳಗೆ. ಖಾಸಗಿಗೆ ಹೋಗುವುದಾದರೆ ಆ ಆಸ್ಪತ್ರೆ ಯೋಜನೆಯಲ್ಲಿದೆಯೇ ಎಂದಷ್ಟೇ ಅಲ್ಲ, ನಿಮಗೆ ಹೇಳಿರುವ ಅದೇ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಕೇಳಿ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಮಾಡಿಸಿಕೊಳ್ಳಿ. ಕೈಯಿಂದ ಕಟ್ಟುವುದಾದರೆ ಆಪರೇಷನ್ನಿನ ಖರ್ಚೊಂದನ್ನೇ ಕೇಳದೆ, ಕೀಮೋ, ರೇಡಿಯೇಷನ್, ಮತ್ತೆ ಮತ್ತೆ ಮಾಡಿಸುವ ಸ್ಕ್ಯಾನ್ ಎಲ್ಲ ಸೇರಿ ಕೊನೆಯವರೆಗಿನ ಅಂದಾಜನ್ನು ಬರಹದಲ್ಲಿ ಪಡೆಯಿರಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75ರ ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ರಕ್ತದ ಕ್ಯಾನ್ಸರ್ ಬಂದ ಮಗುವಾದರೆ ಹಿಂದೆಮುಂದೆ ನೋಡದೆ ಮಕ್ಕಳ ಕ್ಯಾನ್ಸರ್ ವಿಭಾಗವೇ ಪ್ರತ್ಯೇಕವಾಗಿರುವ ಕೇಂದ್ರಕ್ಕೆ ಹೋಗಬೇಕು. ಚಿಕಿತ್ಸೆ ಎರಡು ವರ್ಷಕ್ಕೂ ಮೀರಿ ನಡೆಯುತ್ತದೆ, ನಡುವೆ ನಿಲ್ಲಿಸದಿದ್ದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಆದ್ದರಿಂದ ಎರಡು ವರ್ಷ ಹೋಗಿಬರಬಹುದಾದ ಊರನ್ನೇ ಆರಿಸಿ, ಹೆಚ್ಚಿನವರಿಗೆ ಅದು ಬೆಂಗಳೂರು. ರಾಯಚೂರಿನ ಕಡೆಯ ಬಾಯಿ ಕ್ಯಾನ್ಸರ್ ರೋಗಿ ಕಿದ್ವಾಯಿಯಲ್ಲೋ ಅಂಥದೇ ಕೇಂದ್ರದಲ್ಲೋ ಆಪರೇಷನ್ ಮಾಡಿಸಿಕೊಂಡು ರೇಡಿಯೇಷನ್ ಅನ್ನು ಕಲಬುರಗಿಯಲ್ಲಿ ಪಡೆಯಲು ಸಾಧ್ಯವೇ ಎಂದು ಆಪರೇಷನ್ನಿಗೆ ಮುಂಚೆಯೇ ಕೇಳಬೇಕು, ಏಕೆಂದರೆ ಎರಡರ ನಡುವಿನ ಅಂತರ ಆರು ವಾರ ಮೀರಬಾರದು. ಹಾಸನದ ಸ್ತನ ಕ್ಯಾನ್ಸರ್ ರೋಗಿಗೆ ಮುಂಬಯಿಗೆ ಹೋಗುವ ಅಗತ್ಯ ಅಪರೂಪ. ಮೈಸೂರು, ಬೆಂಗಳೂರಿನಲ್ಲೇ ಮಾರ್ಗಸೂಚಿಯಂತೆ ಪೂರ್ತಿ ಚಿಕಿತ್ಸೆ ಸಿಗುತ್ತದೆ. ಅಪರೂಪದ ಗೆಡ್ಡೆ, ಮರುಕಳಿಸಿದ ಕಾಯಿಲೆ, ಇಬ್ಬರು ವೈದ್ಯರು ಎರಡು ಮಾತು ಹೇಳಿದ ಸಂದರ್ಭ ಇವುಗಳಲ್ಲಿ ಟಾಟಾದಂಥ ಕಡೆಯ ಅಭಿಪ್ರಾಯ ಪಡೆಯುವುದು ಪ್ರಯಾಣಕ್ಕೆ ತಕ್ಕ ಫಲ ಕೊಡುತ್ತದೆ. ಕೆಲವೊಮ್ಮೆ ಪ್ರಯಾಣವೂ ಬೇಡ, ಗ್ರಿಡ್‌ನ ತಜ್ಞರ ಅಭಿಪ್ರಾಯವನ್ನು ನವ್ಯ ಎಂಬ ಆನ್‌ಲೈನ್ ಸೇವೆಯ ಮೂಲಕ ಮನೆಯಿಂದಲೇ ಪಡೆಯಬಹುದು.

ಎಲ್ಲಿಗೆ ಹೋಗುವುದಾದರೂ ಹೊರಡುವ ಮುನ್ನ ಬಯಾಪ್ಸಿ ಮಾಡಿದ ಲ್ಯಾಬಿಗೆ ಹೋಗಿ ಸ್ಲೈಡುಗಳನ್ನೂ ಪ್ಯಾರಾಫಿನ್ ಬ್ಲಾಕುಗಳನ್ನೂ (ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟವು) ಕೇಳಿ ಪಡೆಯಿರಿ. ದೊಡ್ಡ ಕೇಂದ್ರಗಳು ವರದಿಯ ಕಾಗದವನ್ನಷ್ಟೇ ನಂಬದೆ ಆ ಬ್ಲಾಕನ್ನು ಮತ್ತೆ ಕತ್ತರಿಸಿ ನೋಡುತ್ತವೆ, ಹಾಗೆ ನೋಡಿದಾಗ ಕ್ಯಾನ್ಸರಿನ ಬಗೆಯೇ ಬದಲಾಗಿ ಚಿಕಿತ್ಸೆಯ ದಾರಿ ಬೇರೆಯಾಗುವುದೂ ಉಂಟು. ಬ್ಲಾಕು ಇಲ್ಲದೆ ಹೋದರೆ ಮತ್ತೊಮ್ಮೆ ಸೂಜಿ, ಮತ್ತೊಂದು ವಾರ. ಸ್ಕ್ಯಾನಿನ ಫಿಲ್ಮಿನ ಜೊತೆ ಸಿಡಿ ಇರಲಿ. ಎಲ್ಲ ಕಾಗದಗಳ ಎರಡು ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿಗೆ ಹಾಕಿ, ಆ ಫೈಲನ್ನು ಲಗೇಜಿನಲ್ಲಿ ಇಡದೆ ಕೈಯಲ್ಲೇ ಇಟ್ಟುಕೊಳ್ಳಿ.